ಸ್ಪ್ಯಾನಿಷ್ ಕಲಿಯೋಕೆ ಯಾರ್ಯಾರು ಏನೇನ್ ಮಾಡ್ತಿದ್ರು: ನನ್ನ ಸಾಲಮಾಂಕಾ ಅನುಭವ

ಸ್ಪೇನಿನ ಸಾಲಮಾಂಕಾದಲ್ಲಿ ಯೂನಿವರ್ಸಿಟಿ ಶುರುವಾಗಿದ್ದು 1218ರಲ್ಲಿ, ಈಗ್ಲೂ ಊರ್ ತುಂಬಾ ಹೊರದೇಶದ ಸ್ಟೂಡೆಂಟ್ಸೇ. ನಮ್ಮ ಕ್ಲಾಸಲ್ಲಿ ಚೀನಾ, ಬ್ರೆಜಿಲ್, ಜರ್ಮನಿ, ಮೊರಾಕ್ಕೋದೋರೆಲ್ಲ ಇದ್ರು, ಕನ್ನಡದೋಳು ನಾನೊಬ್ಳೇ.

ಏಷ್ಯಾದೋರು ಬರೀ ಉರು ಹೊಡೀತಾರೆ ಅಂತಾರಲ್ಲ, ಅದು ಅರ್ಧ ಸುಳ್ಳು. ನನ್ನ ಪಕ್ಕ ಕೂರ್ತಿದ್ದ ಚೀನಾ ಹುಡುಗಿ ಉರು ಹೊಡೀತಿದ್ಲು ನಿಜ, ಆದ್ರೆ ಬಿಡಿ ಪದ ಅಲ್ಲ, ಇಡೀ ವಾಕ್ಯ. 'ಮೆ ಪೊನೆಸ್ ಉನ್ ಕಫೆ, ಪೊರ್ ಫವೊರ್' (ನಂಗೊಂದು ಕಾಫಿ ಕೊಡ್ತೀರಾ, ಪ್ಲೀಸ್) ಅಂತ ರಾತ್ರಿ ಬರ್ದು ಬರ್ದು, ಬೆಳಿಗ್ಗೆ ಬಾರಿಗೆ ಹೋಗಿ (ಅಲ್ಲಿ ಕಾಫಿ ಸಿಗೋದೂ ಬಾರಲ್ಲೇ) ಅದನ್ನೇ ಹೇಳಿ ಕಾಫಿ ತಗೊಳೋಳು, ಮಾರನೇ ದಿನ ಕಫೆ ಜಾಗಕ್ಕೆ ಇನ್ನೇನೋ ಹಾಕೋಳು, ಹಂಗೇ ಕ್ರಿಯಾಪದದ ರೂಪಗಳು ಬಾಯಿಗೆ ಕೂತ್ಬಿಟ್ವು. ಅವಳಿಗೆ ಒದ್ದಾಟ ಇದ್ದಿದ್ದು ಪ, ಬ ಬೇರೆ ಮಾಡಿ ಹೇಳೋದ್ರಲ್ಲಿ.

ಬ್ರೆಜಿಲ್ ಹುಡುಗನಿಗೆ ಮೊದಲ ದಿನದಿಂದ್ಲೇ ಎಲ್ಲಾ ಅರ್ಥ ಆಗ್ತಿತ್ತು, ಪೋರ್ಚುಗೀಸ್ ಅಷ್ಟು ಹತ್ರ. ಅದೇ ತೊಂದ್ರೆ, ಮಾತಾಡಿದ್ರೆ ಎರಡೂ ಕಲಬೆರಕೆ. ಅವನು ಎರಡೂ ಭಾಷೇಲಿ ಒಂದೇ ಥರ ಕೇಳ್ಸಿ ಅರ್ಥ ಬೇರೆ ಇರೋ ಪದಗಳದ್ದೇ ಒಂದು ಪಟ್ಟಿ ಇಟ್ಕೊಂಡಿದ್ದ. ಮೊರಾಕ್ಕೋದವನ ಊರು ಟೆಟುವಾನ್, 1956ರವರೆಗೂ ಸ್ಪೇನಿನ ಹಿಡಿತದಲ್ಲಿದ್ದ ಕಡೆ. ಚಿಕ್ಕಂದಿನಿಂದ ಸ್ಪ್ಯಾನಿಷ್ ಟಿವಿ ನೋಡಿ ಅವನ ಕಿವಿ ಸಖತ್ ಚುರುಕು, ಬರವಣಿಗೆ ಮಾತ್ರ ಅಷ್ಟಕ್ಕಷ್ಟೆ, ಅದಕ್ಕೇ ರೇಡಿಯೋ ಹಾಕೊಂಡು ತಾನೇ ಡಿಕ್ಟೇಷನ್ ಬರ್ಕೊಳೋನು.

ನಂದು? ಮೊದ್ಲು ಇಂಗ್ಲಿಷಲ್ಲಿ ಯೋಚ್ನೆ ಮಾಡೋದನ್ನ ಬಿಟ್ಟೆ. 'ಮೆ ಗುಸ್ತಾ ಎಲ್ ಕಫೆ' ಅಂದ್ರೆ ನಂಗೆ ಕಾಫಿ ಇಷ್ಟ, 'ಮೆ ದ್ವೇಲೆ ಲಾ ಕಬೆಥಾ' ಅಂದ್ರೆ ನಂಗೆ ತಲೆ ನೋಯ್ತಿದೆ. ಅಮೆರಿಕದೋರು ಇಲ್ಲಿ 'ನಾನು' ಎಲ್ಲೋಯ್ತು ಅಂತ ಹುಡುಕ್ತಾ ಕೂರೋರು, ನಮಗೆ ಈ 'ನಂಗೆ' ಹುಟ್ಟಿನಿಂದ ಬಂದಿದ್ದು. ಉಚ್ಚಾರಣೇಲಿ ಸ್ಪ್ಯಾನಿಷ್ ತ ಅಂತೂ ನಮ್ಮ ತನೇ, ಒತ್ತಿ ಹೇಳೋ ರ್ರನೂ ಕಷ್ಟ ಆಗ್ಲಿಲ್ಲ. ಆದ್ರೆ ಮೇಜು ಹೆಣ್ಣು, ಪುಸ್ತಕ ಗಂಡು ಅನ್ನೋದಕ್ಕೆ ಕನ್ನಡ ಏನೂ ಸಹಾಯ ಮಾಡಲ್ಲ, ನಮಗೆ ಎರಡೂ 'ಅದು'. ಅದಕ್ಕೆ ಜರ್ಮನ್ ಹುಡುಗಿ ಹತ್ರ ಕೇಳಿದೆ, ಅವರ ಭಾಷೇಲಿ ಮೂರು ಲಿಂಗ ಇದ್ಯಲ್ಲ, ಅವಳು ಯಾವ ನಾಮಪದನೂ ಒಂಟಿಯಾಗಿ ಬರೀತಿರ್ಲಿಲ್ಲ, ಲಾ ಮೇಸಾ, ಎಲ್ ಲಿಬ್ರೋ ಅಂತ ಜೋಡಿಯಾಗೇ (ಲಾ ಇದ್ರೆ ಹೆಣ್ಣು, ಎಲ್ ಇದ್ರೆ ಗಂಡು), ಅದೂ ಎರಡು ಬಣ್ಣದ ಪೆನ್ನಲ್ಲಿ. ನಾನೂ ಹಂಗೇ ಶುರು ಮಾಡ್ದೆ, ಕೆಲಸ ಮಾಡ್ತು.

ಅವಳಿಗೆ ಗ್ರಾಮರ್ ಎಲ್ಲಾ ಗೊತ್ತು, ಬಾಯಿ ಮಾತ್ರ ಬಿಡೋಳಲ್ಲ. ಆದ್ರೆ ನಾವಿಬ್ರೂ ಬರೀಬೇಕಿದ್ದ ದೆಲೆ ಬಿ2 ಅನ್ನೋ ಸ್ಪ್ಯಾನಿಷ್ ಸರ್ಟಿಫಿಕೇಟ್ ಪರೀಕ್ಷೇಲಿ ಓದು-ಬರಹ ಸೇರಿ 50, ಕೇಳೋದು-ಮಾತು ಸೇರಿ 50, ಎರಡರಲ್ಲೂ ಕನಿಷ್ಠ 30 ಬರ್ಲೇಬೇಕು, ಒಂದರಲ್ಲಿ ಕಮ್ಮಿ ಆದ್ರೆ ಇನ್ನೊಂದರಿಂದ ತುಂಬಿಸ್ಕೊಳೋಕಾಗಲ್ಲ. ಇದನ್ನ ತೋರಿಸಿದ್ಮೇಲೆ ಅವಳೂ ನನ್ ಜೊತೆ ಇಂಟರ್‌ಕಾಂಬಿಯೋಗೆ ಬರೋಕೆ ಶುರು ಮಾಡಿದ್ಲು. ಪ್ಲಾಸಾ ಮಯೋರ್ ಗಡಿಯಾರದ ಕೆಳಗೆ ಸ್ಪೇನಿನ ಹುಡುಗರು ಸಿಗೋರು, ಅರ್ಧ ಗಂಟೆ ಅವರ ಸ್ಪ್ಯಾನಿಷ್, ಅರ್ಧ ಗಂಟೆ ನಮ್ಮ ಇಂಗ್ಲಿಷ್, ದುಡ್ಡಿಲ್ಲ ಕಾಸಿಲ್ಲ.