ಬಾವಿ ನೀರಿನ ಕೆಂಪು ಕಲೆ, ಕೊಳೆತ ಮೊಟ್ಟೆ ವಾಸನೆ: ಫಿಲ್ಟರ್ ಕೊನೆಗೆ

ಫಿಲ್ಟರ್ ಅಂಗಡಿಗೆ ಹೋಗುವ ಮೊದಲು ಗಾಜಿನ ಲೋಟದಲ್ಲಿ ನೀರು ಹಿಡಿದಿಡಿ. ಹಿಡಿದಾಗ ತಿಳಿಯಾಗಿದ್ದು ಕೆಲವು ಗಂಟೆಗಳಲ್ಲಿ ಕೆಂಪಾದರೆ ಕಬ್ಬಿಣ ಕರಗಿಕೊಂಡಿದೆ. ಇದನ್ನು ಯಾವ ಜಾಲರಿಯೂ ಸೋಸದು. ನಲ್ಲಿಯಿಂದಲೇ ಕೆಂಪು ಬಂದರೆ ತುಕ್ಕಿನ ಕಣ. ಫ್ಲಶ್ ಟ್ಯಾಂಕಿನೊಳಗೆ ಕಂದು ಲೋಳೆ ಸಿಕ್ಕಿದರೆ ಕಬ್ಬಿಣದ ಬ್ಯಾಕ್ಟೀರಿಯಾ. ಬಾವಿಯ ಮೇಲಿನ ಎಣ್ಣೆಯಂಥ ಪೊರೆಯನ್ನು ಕೋಲಿನಿಂದ ಕದಡಿ ನೋಡಿ: ಎಣ್ಣೆ ಮತ್ತೆ ಕೂಡಿಕೊಳ್ಳುತ್ತದೆ, ಬ್ಯಾಕ್ಟೀರಿಯಾದ ಪೊರೆ ಚೂರುಚೂರಾಗುತ್ತದೆ.

ವಾಸನೆ ಬಿಸಿನೀರಿನಲ್ಲಿ ಮಾತ್ರವೇ? ಹಾಗಿದ್ದರೆ ಬಾವಿಯನ್ನು ಬಿಟ್ಟು ಗೀಸರ್ ನೋಡಿ. ಟ್ಯಾಂಕಿನ ಬದಲು ತಾನೇ ಸವೆಯಲೆಂದು ಒಳಗಿಟ್ಟ ಮೆಗ್ನೀಸಿಯಂ ಆನೋಡ್ ಕಡ್ಡಿ ತೆಗೆದು ಅಲ್ಯೂಮಿನಿಯಂ-ಸತುವಿನದು ಹಾಕಿಸಿ. ಕಡ್ಡಿಯೇ ಇಲ್ಲದೆ ಬಿಟ್ಟರೆ ಟ್ಯಾಂಕ್ ತುಕ್ಕು ಹಿಡಿಯುತ್ತದೆ.

ಲೋಳೆ ಇದ್ದರೆ ಮೊದಲು ಕ್ಲೋರಿನ್. ವ್ಯಾಸ × ವ್ಯಾಸ × ನೀರಿನ ಆಳ (ಮೀಟರ್‌ಗಳಲ್ಲಿ) × 785 ಮಾಡಿದರೆ ಲೀಟರ್ ಲೆಕ್ಕ ಸಿಗುತ್ತದೆ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ 9,420 ಲೀಟರ್. 33% ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ 150 ಗ್ರಾಂ, ಅಂದರೆ ಈ ಬಾವಿಗೆ ಸುಮಾರು 1.4 ಕಿಲೊ. ಬಾಯಿ ತೆರೆದಿಟ್ಟ ಹಳೆ ಪೊಟ್ಟಣದಲ್ಲಿ ಸತ್ವ ಉಳಿದಿರುವುದಿಲ್ಲ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನಷ್ಟೇ ಬಾವಿಗೆ ಸುರಿಯಿರಿ. ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಪಂಪ್ ಓಡಿಸಿ, 12ರಿಂದ 24 ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ನೀರು ಹೊರಹಾಕಿ. ತೋಟಕ್ಕೂ ಮೀನಿನ ಕೆರೆಗೂ ಬಿಡಬೇಡಿ. ಕೊಳೆತ ಮೊಟ್ಟೆ ವಾಸನೆ ಬರುವ ಬಾವಿಗೆ ಯಾರೂ ಇಳಿಯಬಾರದು, ಆ ಅನಿಲ ಪ್ರಾಣ ತೆಗೆಯುತ್ತದೆ.

ಕರಗಿದ ಕಬ್ಬಿಣಕ್ಕೆ ಎಲ್ಲರೂ ಹೇಳುವುದು ಗಾಳಿಯಾಡಿಸುವ ಉಪಾಯ: ಗಾಳಿ ತಾಗಿದ ಕಬ್ಬಿಣ ತುಕ್ಕಿನ ಕಣವಾಗಿ ಸೋಸಲು ಸಿಗುತ್ತದೆ. ಕರಾವಳಿಯ ಮುರಕಲ್ಲಿನ ಬಾವಿಗಳಲ್ಲಿ ಅದು ಎಡವುವುದು ಗಾಳಿ ಸಾಲದೆ ಅಲ್ಲ. 1 ಮಿಲಿಗ್ರಾಂ ಕಬ್ಬಿಣಕ್ಕೆ 0.14 ಮಿಲಿಗ್ರಾಂ ಆಮ್ಲಜನಕ ಸಾಕು. ಅಲ್ಲಿನ ನೀರು ಬಹುಮಟ್ಟಿಗೆ ಹುಳಿ. ಪಿಎಚ್ (ಹುಳಿಯ ಅಳತೆ, ಅಂಕ ಇಳಿದಷ್ಟೂ ಹುಳಿ ಹೆಚ್ಚು) 7ಕ್ಕಿಂತ ಕೆಳಗಿದ್ದರೆ ಕಬ್ಬಿಣ ತುಕ್ಕಾಗಲು ತೀರಾ ತಡ. ಪಿಎಚ್ ಒಂದು ಅಂಕ ಏರಿದರೆ ವೇಗ ಸುಮಾರು ನೂರು ಪಟ್ಟು ಹೆಚ್ಚುತ್ತದೆ. ಹಾಗಂತ ಪಿಎಚ್ ಏರಿಸಲು ಮೊದಲೇ ಸುಣ್ಣ ಹಾಕಬೇಡಿ: ಮೊಟ್ಟೆ ವಾಸನೆಯ ಅನಿಲ ಹುಳಿ ನೀರಿನಿಂದಲೇ ಸುಲಭವಾಗಿ ಹಾರಿಹೋಗುವುದು. ಆದ್ದರಿಂದ ಮೊದಲು ತೂತಿನ ತಟ್ಟೆಗಳ ಮೂಲಕ ನೀರನ್ನು ಮಳೆಯಂತೆ ಬೀಳಿಸಿ, ಆಮೇಲೆ ಸುಣ್ಣಕಲ್ಲಿನ ಜಲ್ಲಿ ಅಥವಾ ತೊಳೆದ ಕಪ್ಪೆಚಿಪ್ಪಿನ ಮೇಲೆ ಹಾಯಿಸಿ, ರಾತ್ರಿಯಿಡೀ ನಿಲ್ಲಿಸಿ, ಕೊನೆಗೆ 60 ಸೆಂಟಿಮೀಟರ್ ಮರಳಿನಲ್ಲಿ ಸೋಸಿ. ಜಲ್ಲಿಗೆ ತುಕ್ಕಿನ ಪದರ ಕಟ್ಟಿದರೆ ಅದು ಕರಗುವುದು ನಿಲ್ಲುತ್ತದೆ. ಆಗಾಗ ಉಜ್ಜಿ ತೊಳೆಯಬೇಕು. ಮರಳಿಗೂ ಹಿಮ್ಮುಖವಾಗಿ ನೀರು ಹಾಯಿಸಿ ಕೆಸರು ಹೊರಹಾಕಬೇಕು, ಇಲ್ಲದಿದ್ದರೆ ಅದೇ ಕೆಂಪು ಮತ್ತೆ ನಲ್ಲಿಗೆ ಬರುತ್ತದೆ. ಇಷ್ಟೂ ಮಾಡದೆ ನೇರವಾಗಿ ಆರ್‌ಒ ಕೂರಿಸಿದರೆ ಅದರ ಪೊರೆ ಬೇಗ ಕಟ್ಟಿಕೊಳ್ಳುತ್ತದೆ.

ಬಟ್ಟೆ, ಟೈಲ್ಸ್ ಮೇಲಿನ ಕಲೆಗೆ ಬ್ಲೀಚ್ ಹಾಕಿದರೆ ಕಬ್ಬಿಣ ಇನ್ನೂ ಗಟ್ಟಿಯಾಗಿ ಕೂರುತ್ತದೆ. ನಿಂಬೆರಸ, ಅಥವಾ ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಮ್ಲ ಹಾಕಿ ನೆನೆಸಿ. ಮಾರ್ಬಲ್, ಮೊಸಾಯಿಕ್ ನೆಲಕ್ಕೆ ಇದು ಬೇಡ, ಹುಳಿ ಕಲ್ಲನ್ನೇ ತಿನ್ನುತ್ತದೆ. ಬ್ಲೀಚ್ ಮುಟ್ಟಿದ ಜಾಗವನ್ನು ಚೆನ್ನಾಗಿ ತೊಳೆಯದೆ ಆಮ್ಲ ಸೋಕಿಸಬೇಡಿ. ಎರಡೂ ಕೂಡಿದರೆ ಏಳುವುದು ವಿಷದ ಕ್ಲೋರಿನ್ ಅನಿಲ.