ಬಿಸಿಲೂರಿಗೆ ಗ್ರಾಫಿಕ್ಸ್ ಕಾರ್ಡ್: ಜಿಬಿ ಕೇಳುವ ಮೊದಲು ನೋಡಬೇಕಾದ್ದು

"ಎಷ್ಟು ಜಿಬಿ ಅದ ರೀ?" ಕಲಬುರಗಿಯಲ್ಲಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಅಂಗಡಿಗೆ ಬಂದವರ ಮೊದಲ ಮಾತು ಹೆಚ್ಚಾಗಿ ಇದೇ. ಜಿಬಿ, ಅಂದರೆ ಕಾರ್ಡಿನ ಮೆಮೊರಿ, ನೋಡಲೇಬೇಕು, ಆದರೆ ಅದಕ್ಕಿಂತ ಮೊದಲು ಮೂರು ಸಂಗತಿ ತೀರ್ಮಾನವಾಗಬೇಕು: ಮೇಜಿನ ಮೇಲಿರುವ ಮಾನಿಟರ್ ಯಾವುದು, ಕ್ಯಾಬಿನೆಟ್ಟಿನೊಳಗೆ ಕರೆಂಟ್ ಹಂಚುವ ಡಬ್ಬಿ ಎಸ್‌ಎಂಪಿಎಸ್ ಎಂಥದು, ಮೇ ತಿಂಗಳ ಮಧ್ಯಾಹ್ನ ನಿಮ್ಮ ಕೋಣೆ ಎಷ್ಟು ಕಾಯುತ್ತದೆ.

ಮಾನಿಟರ್ ಲೆಕ್ಕ ಸುಲಭ. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ, 2560×1440ರಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಪ್ರತಿ ಫ್ರೇಮಿಗೂ, ಅಂದರೆ ಪರದೆಯ ಪ್ರತಿ ಚಿತ್ರಕ್ಕೂ, ಕಾರ್ಡ್ ಇಷ್ಟನ್ನೂ ಬಿಡಿಸಬೇಕು. 60 ಹರ್ಟ್ಸ್‌ನ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) 1080 ಮಾನಿಟರ್ ಇಟ್ಟುಕೊಂಡು ಐವತ್ತು ಸಾವಿರದ ಕಾರ್ಡ್ ಹಾಕಿದರೆ ಸೆಕೆಂಡಿಗೆ 60ಕ್ಕಿಂತ ಹೆಚ್ಚಿನ ಫ್ರೇಮು ಕಣ್ಣಿಗೆ ಬೀಳುವುದೇ ಇಲ್ಲ. ಅದೇ ದುಡ್ಡಿನಲ್ಲಿ ನಡುತರದ ಕಾರ್ಡು, 144 ಹರ್ಟ್ಸ್ ಮಾನಿಟರು ಎರಡೂ ಬರುತ್ತವೆ.

ಈಗ ಎಸ್‌ಎಂಪಿಎಸ್. ಕಾರ್ಡ್ ಹಾಕಿದ ಮೇಲೆ ಬರುವ ಬಹುಪಾಲು ದೂರುಗಳ ಮೂಲ ಇಲ್ಲೇ ಇರುತ್ತದೆ. ಆಟ ಶುರುವಾದ ಕೂಡಲೇ ಮಷೀನ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ, ಎಲ್ಲರೂ ಕಾರ್ಡನ್ನೇ ಬೈಯುತ್ತಾರೆ. ಪಕ್ಕದ ಮುಚ್ಚಳ ತೆಗೆದು ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿ. ದಪ್ಪ ಅಕ್ಷರದ "450 ವ್ಯಾಟ್" ಅನ್ನು ನಂಬಬೇಡಿ. +12ವಿ ಎಂಬ ಸಾಲಿನ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ, ಅದನ್ನು 12ರಿಂದ ಗುಣಿಸಿ. ಅಲ್ಲಿ 18ಎ ಎಂದಿದ್ದರೆ ಸಿಗುವುದು 216 ವ್ಯಾಟ್ ಮಾತ್ರ. ಆರ್‌ಟಿಎಕ್ಸ್ 4060 ಕಾರ್ಡಿಗೆ 115 ವ್ಯಾಟ್ ಬೇಕು, ಕೋರ್ ಐ5-12400 ಪ್ರೊಸೆಸರ್ ಪೂರ್ತಿ ದುಡಿದಾಗ 117 ವ್ಯಾಟ್ ಎಳೆಯುತ್ತದೆ. ಇವೆರಡರಲ್ಲೇ 232 ಆಯಿತು, ಮದರ್‌ಬೋರ್ಡು, ಫ್ಯಾನು, ಡಿಸ್ಕು ಇನ್ನೂ ಬಾಕಿ. 4060ಕ್ಕೆ ಅದರ ಚಿಪ್ ಮಾಡುವ ಎನ್‌ವಿಡಿಯಾ ಕಂಪನಿ ಹೇಳುವುದು 550 ವ್ಯಾಟ್‌ನ ಎಸ್‌ಎಂಪಿಎಸ್. ಒಳ್ಳೆಯ ಕಂಪನಿಯ 550 ವ್ಯಾಟ್‌ನದು, 12 ವೋಲ್ಟಿನಲ್ಲಿ 40 ಆಂಪಿಯರ್‌ಗಿಂತ ಹೆಚ್ಚು ಕೊಡುವಂಥದ್ದು ಇರಲಿ. ಬಜೆಟ್ ಸಾಲದಿದ್ದರೆ ಕಾರ್ಡನ್ನೇ ಒಂದು ಮೆಟ್ಟಿಲು ಇಳಿಸಿ, ಎಸ್‌ಎಂಪಿಎಸ್‌ನಲ್ಲಿ ಉಳಿಸಲು ಹೋಗಬೇಡಿ.

ಕಾರ್ಡಿಗೆ ಕರೆಂಟ್ ಕೊಡುವ 8 ಪಿನ್ ವೈರ್ ಇಲ್ಲವೆಂದು ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ವೈರಿನಿಂದ ಕನ್ವರ್ಟರ್ ಹಾಕಿಕೊಡುವವರಿದ್ದಾರೆ. ಬೇಡವೇ ಬೇಡ ಎನ್ನಿ. ಸಾಟಾ ಪ್ಲಗ್ 12 ವೋಲ್ಟಿನಲ್ಲಿ ತಡೆಯುವುದು 54 ವ್ಯಾಟ್, 8 ಪಿನ್ ಪ್ಲಗ್‌ನಿಂದ ಕಾರ್ಡ್ 150 ವ್ಯಾಟ್‌ವರೆಗೆ ಎಳೆಯಬಹುದು. ಪ್ಲಾಸ್ಟಿಕ್ ಕರಗಿ ಸುಟ್ಟ ವಾಸನೆ ಬರುವುದು ಇದರಿಂದಲೇ.

ಆಫೀಸಿನಿಂದ ಬಂದ ಹಳೆಯ ಸಣ್ಣ ಡೆಸ್ಕ್‌ಟಾಪ್ ಇದ್ದರೆ ಅದರ ಎಸ್‌ಎಂಪಿಎಸ್ ಬದಲಿಸುವುದೂ ಕಷ್ಟ, ಕಾರ್ಡಿಗೆ ಬೇರೆ ವೈರೂ ಇರುವುದಿಲ್ಲ. ಬೋರ್ಡಿನ ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ನಡೆಯುವ ಕಾರ್ಡ್ ಹುಡುಕಬೇಕು. 70 ವ್ಯಾಟ್‌ನ ಆರ್‌ಟಿಎಕ್ಸ್ 3050 6 ಜಿಬಿ ಇದಕ್ಕೆ ಸರಿ, ಮೈ ಸಣ್ಣದಾದ ಲೋ ಪ್ರೊಫೈಲ್ ಮಾದರಿಯೂ ಸಿಗುತ್ತದೆ. ಆದರೆ ಹೆಸರು ಒಂದೇ ಎಂದು ಮೋಸ ಹೋಗಬೇಡಿ: 3050ರ 8 ಜಿಬಿ ಮಾದರಿಯಲ್ಲಿ 2560 ಕೋರ್ (ಲೆಕ್ಕ ಮಾಡುವ ಘಟಕ), 6 ಜಿಬಿಯದರಲ್ಲಿ 2304. ಕಡಿಮೆಯಾಗಿದ್ದು ಮೆಮೊರಿ ಒಂದೇ ಅಲ್ಲ.

ಇನ್ನು ನಮ್ಮ ಬಿಸಿಲು. ಕಾರ್ಡಿನ ಫ್ಯಾನ್ ಕೋಣೆಯ ಗಾಳಿಯನ್ನೇ ಊದುತ್ತದೆ, ತಂಪು ಹುಟ್ಟಿಸುವುದಿಲ್ಲ. 25 ಡಿಗ್ರಿ ಕೋಣೆಯಲ್ಲಿ 65 ತೋರಿಸುವ ಕಾರ್ಡ್ 40 ಡಿಗ್ರಿಯ ಕೋಣೆಯಲ್ಲಿ 80ರ ಆಸುಪಾಸಿಗೆ ಹೋಗುತ್ತದೆ. ಇಂಟರ್ನೆಟ್ಟಿನ ರಿವ್ಯೂಗಳೆಲ್ಲ ತಂಪು ಕೋಣೆಯಲ್ಲಿ ಮಾಡಿದವು, ಅವುಗಳ ಅಂಕಿಗೆ 15 ಡಿಗ್ರಿ ಸೇರಿಸಿ ಓದಿ. 80 ದಾಟಿ ಇನ್ನೂ ಏರಿತೆಂದರೆ ಕಾರ್ಡ್ ತಾನೇ ವೇಗ ಇಳಿಸತೊಡಗುತ್ತದೆ, ಆಟ ಎಳೆದಾಡುತ್ತದೆ. ಆದ್ದರಿಂದ ಇಲ್ಲಿ ಕಡಿಮೆ ವ್ಯಾಟ್‌ನ ಕಾರ್ಡಿಗೆ ಹೆಚ್ಚು ಅಂಕ ಕೊಡಬೇಕು. ಒಂದೇ ಚಿಪ್ಪಿನಲ್ಲಿ ಎರಡು ಮಾದರಿ ಇದ್ದರೆ ಹೆಚ್ಚು ಕ್ಲಾಕ್‌ನದಕ್ಕಿಂತ (ವೇಗದ್ದಕ್ಕಿಂತ) ದಪ್ಪ ಹೀಟ್‌ಸಿಂಕ್ (ಶಾಖ ಹೀರುವ ಲೋಹದ ಪಟ್ಟಿಗಳು), ಎರಡು ಫ್ಯಾನ್ ಇರುವುದನ್ನು ಆರಿಸಿ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ ಶೇ. 80ಕ್ಕೆ ಇಳಿಸಿದರೆ ಫ್ರೇಮು ಸ್ವಲ್ಪವೇ ಕಡಿಮೆಯಾಗುತ್ತದೆ, ಶಾಖ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

ನೀರಿನ ಕೂಲರ್ ಎದುರು ಕ್ಯಾಬಿನೆಟ್ ಇಡಬೇಡಿ. ತಂಪು ಸಿಗುತ್ತದೆಂದು ಬಹಳ ಜನ ಇಡುತ್ತಾರೆ. ಗಾಳಿಯೊಂದಿಗೆ ಹಾರುವ ಸಣ್ಣ ಹನಿಗಳಲ್ಲಿ ಬೋರ್‌ವೆಲ್ ನೀರಿನ ಉಪ್ಪಿರುತ್ತದೆ, ಅದು ಧೂಳಿನ ಜೊತೆ ಸೇರಿ ಹೀಟ್‌ಸಿಂಕ್ ಮೇಲೆ ಬಿಳಿ ಪೊರೆಯಾಗಿ ಅಂಟುತ್ತದೆ. ಕೂಲರ್ ಕೋಣೆ ತಂಪು ಮಾಡಲಿ, ನೇರ ಗಾಳಿ ಮಾತ್ರ ಕ್ಯಾಬಿನೆಟ್ಟಿಗೆ ಬಡಿಯಬಾರದು. ಕ್ಯಾಬಿನೆಟ್ ಶಹಾಬಾದಿ ಕಲ್ಲಿನ ನೆಲಕ್ಕೆ ತಾಗದೆ ನಾಲ್ಕು ಇಂಚಿನ ಮಣೆಯ ಮೇಲೆ, ಗೋಡೆಯಿಂದ ಅರ್ಧ ಅಡಿ ದೂರ ಇರಲಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಬ್ಲೋಯರ್ ಹಿಡಿಯಿರಿ. ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿಂದ ಹಿಡಿದುಕೊಳ್ಳಿ, ಗಿರ್ರನೆ ತಿರುಗಿಸಿದರೆ ಬೇರಿಂಗ್ ಸವೆಯುತ್ತದೆ.

ಕರೆಂಟ್ ಹೋಗಿ ಬರುವ ಮನೆಯಲ್ಲಿ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಇಂದಿನ ಎಸ್‌ಎಂಪಿಎಸ್‌ಗಳು ಅದರ ಮೇಲೆ ಸರಿಯಾಗಿ ನಡೆಯದಿರಬಹುದು. ಸೈನ್ ವೇವ್ ಇರಲಿ, ಸ್ವಿಚ್ಚು ಯುಪಿಎಸ್ ಮೋಡ್‌ನಲ್ಲಿರಲಿ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಅರ್ಥಿಂಗ್ ಸರಿಯಿಲ್ಲ. ಕಾರ್ಡ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಇಷ್ಟಾದ ಮೇಲೆ ಜಿಬಿ. 4 ಜಿಬಿ ಕಾರ್ಡನ್ನು ಈಗ ಹೊಸದಾಗಿ ಕೊಳ್ಳಬೇಡಿ. 1080ರಲ್ಲಿ ಆಟಕ್ಕೆ 8 ಜಿಬಿ ನಡೆಯುತ್ತದೆ, ಹೊಸ ಆಟಗಳಲ್ಲಿ ಟೆಕ್ಸ್ಚರ್ ಒಂದು ಹಂತ ಇಳಿಸಬೇಕಾದೀತು. 1440ಕ್ಕೆ 12 ಇದ್ದರೆ ನೆಮ್ಮದಿ. ಎಐ ಪ್ರಾಜೆಕ್ಟ್ ಮಾಡುವ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಲೆಕ್ಕವೇ ಬೇರೆ. 700 ಕೋಟಿ ಪ್ಯಾರಾಮೀಟರಿನ ಮಾದರಿ 16 ಬಿಟ್‌ನಲ್ಲಿ 14 ಜಿಬಿ ಕೇಳುತ್ತದೆ, 4 ಬಿಟ್‌ಗೆ ಇಳಿಸಿದರೆ 4ರಿಂದ 5. ಅಂಥವರಿಗೆ ಹಳೆಯ ಆರ್‌ಟಿಎಕ್ಸ್ 3060 12 ಜಿಬಿ ಈಗಲೂ ಒಳ್ಳೆಯದು, 170 ವ್ಯಾಟ್ ಎಳೆದರೂ ಸರಿಯೇ. ಬರೀ ಆಟವಾದರೆ 4060 ಮುಂದಿದೆ. ಕಾಲೇಜಿನ ಕೆಲಸ ಎನ್‌ವಿಡಿಯಾದ್ದೇ ಆದ ಕುಡಾ (CUDA) ಸಾಫ್ಟ್‌ವೇರ್‌ನಲ್ಲಿ ನಡೆಯುವುದಾದರೆ ಎನ್‌ವಿಡಿಯಾ ಬಿಟ್ಟು ಬೇರೆಡೆ ಹೋಗಬೇಡಿ.

ಹಳೆಯ ಬೋರ್ಡ್ ಇರುವವರು ಇದನ್ನೂ ನೋಡಬೇಕು. ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಸ್ಲಾಟಿನ ನಾಲ್ಕೇ ಲೇನ್ (ಮಾಹಿತಿ ಓಡುವ ದಾರಿ) ಬಳಸುತ್ತದೆ, ಹಳೆಯ ತಲೆಮಾರಿನ ಪಿಸಿಐಇ 3.0 ಸ್ಲಾಟಿನ ಬೋರ್ಡಿನಲ್ಲಿ ಸೊರಗುತ್ತದೆ. ಇಂಟೆಲ್ ಆರ್ಕ್ ಬಿ580ಕ್ಕೆ 12 ಜಿಬಿ ಇದೆ, ಬೆಲೆಯೂ ಹಿತ, ಆದರೆ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್‌ನಲ್ಲಿ) ರೀಸೈಜಬಲ್ ಬಾರ್, ಅಂದರೆ ಪ್ರೊಸೆಸರ್ ಕಾರ್ಡಿನ ಪೂರ್ತಿ ಮೆಮೊರಿಯನ್ನು ಒಮ್ಮೆಗೇ ತಲುಪುವ ಸೌಲಭ್ಯ, ಆನ್ ಆಗದ ಬೋರ್ಡಿಗೆ ಅದು ತರವಲ್ಲ.

ಬೀದರ್ ಕಡೆಯವರು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ಗೆ, ಇನ್ನು ಕೆಲವರು ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗುತ್ತಾರೆ. ಎಲ್ಲಿ ಕೊಂಡರೂ ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಡಬ್ಬಿಯ ನಂಬರು, ಕಾರ್ಡಿನ ಮೇಲಿನದು ಎರಡೂ ಒಂದೇ ಇದೆಯೇ ನೋಡಿ. ಹೋಗುವ ಮೊದಲು ಕ್ಯಾಬಿನೆಟ್ ಒಳಗೆ ಟೇಪ್ ಹಿಡಿದು ಉದ್ದ ಅಳೆದುಕೊಳ್ಳಿ, ಮುಂದಿನ ಫ್ಯಾನಿಗೆ 25 ಮಿ.ಮೀ. ಕಳೆಯಿರಿ. ಸೆಕೆಂಡ್ ಹ್ಯಾಂಡ್ ಆದರೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ನೋಡದೆ ದುಡ್ಡು ಕೊಡಬೇಡಿ. ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆದ ಎನ್‌ವಿಡಿಯಾ ಕಾರ್ಡುಗಳನ್ನು ಅದು ನಕಲಿ ಎಂದು ತೋರಿಸಬಲ್ಲದು.

ಮನೆಯಲ್ಲಿ ಜೋಡಿಸಿದ ಮೇಲೆ ಮಾನಿಟರ್ ಕೇಬಲನ್ನು ಬೋರ್ಡಿನ ಎಚ್‌ಡಿಎಂಐಗೆ ಸಿಕ್ಕಿಸಬೇಡಿ, ಕೆಳಗೆ ಅಡ್ಡಲಾಗಿರುವ ಕಾರ್ಡಿನ ಪೋರ್ಟಿಗೆ ಸಿಕ್ಕಿಸಿ. ವಿಂಡೋಸ್ ಸೆಟ್ಟಿಂಗ್‌ನಲ್ಲಿ 144 ಹರ್ಟ್ಸ್ ಆರಿಸಿ, ಎಷ್ಟೋ ಸಲ ತಾನಾಗಿ ಬರುವುದಿಲ್ಲ. ಪರೀಕ್ಷೆಯನ್ನು ರಾತ್ರಿ ಮಾಡಬೇಡಿ. ಮಧ್ಯಾಹ್ನ ಎರಡು ಗಂಟೆಗೆ, ಮುಚ್ಚಳ ಹಾಕಿಯೇ, ಭಾರದ ಆಟವೊಂದನ್ನು ಅರ್ಧ ಗಂಟೆ ಓಡಿಸಿ ಉಷ್ಣ ನೋಡಿ. 85 ದಾಟಿ ಅಲ್ಲೇ ನಿಂತರೆ ಮೊದಲು ಪಕ್ಕದ ಮುಚ್ಚಳ ತೆಗೆದು ಮತ್ತೆ ಓಡಿಸಿ. ಏಳೆಂಟು ಡಿಗ್ರಿ ಇಳಿದರೆ ತಪ್ಪು ಕಾರ್ಡಿನದಲ್ಲ, ಕ್ಯಾಬಿನೆಟ್ಟಿಗೆ ಮುಂದೊಂದು ಫ್ಯಾನ್ ಬೇಕು. ಇಳಿಯದಿದ್ದರೆ ಬಿಲ್ಲು, ಡಬ್ಬಿ ಎತ್ತಿಕೊಂಡು ಬದಲಿ ಕೊಡುವ ಅವಧಿ ಮುಗಿಯುವ ಮೊದಲೇ ಅಂಗಡಿಗೆ ಹೋಗಿ.