ಮೊದಲು ಸಹಿ, ಆಮೇಲೆ ಪ್ರಯೋಗ: ಅಂತಾರಾಷ್ಟ್ರೀಯ ವಿಜ್ಞಾನ ಮೇಳ ನಡೆಯುವುದು ಹೀಗೆ

ನಮ್ಮ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನ ಹೇಗಿರುತ್ತದೆ ಅಂತ ಮಂಗಳೂರು, ಉಡುಪಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಥರ್ಮಾಕೋಲಿನ ಜ್ವಾಲಾಮುಖಿ, ಮಳೆನೀರು ಕೊಯ್ಲಿನ ಪುಟ್ಟ ಮನೆ, ಗಾಳಿಯಂತ್ರ. ಹಿಂದಿನ ರಾತ್ರಿ ಅಪ್ಪ ಅಂಟು ಹಾಕಿರುತ್ತಾರೆ, ಅಮ್ಮ ಬಣ್ಣ ಹಚ್ಚಿರುತ್ತಾರೆ. ಬೆಳಿಗ್ಗೆ ಮಗು ಬಾಯಿಪಾಠ ಒಪ್ಪಿಸುತ್ತದೆ. ಅದರಲ್ಲೂ ಖುಷಿ ಇದೆ, ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಹೈಸ್ಕೂಲು, ಪಿಯು ಮಕ್ಕಳ ಅಂತಾರಾಷ್ಟ್ರೀಯ ಮೇಳದಲ್ಲಿ ಈ ಥರದ ಮಾದರಿಗೆ ಬೆಲೆ ಇಲ್ಲ. ಅಲ್ಲಿ ಕೇಳುವುದು ಬೇರೆಯೇ: ನಿನ್ನ ಪ್ರಶ್ನೆ ಏನು, ಹೇಗೆ ಅಳೆದೆ, ಯಾರ ಒಪ್ಪಿಗೆ ಪಡೆದೆ, ಯಾವ ತಾರೀಖಿನಿಂದ ಶುರು ಮಾಡಿದೆ.

ಇಂಥ ಮೇಳಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅಮೆರಿಕದ ಇಂಟರ್‌ನ್ಯಾಷನಲ್ ಸೈನ್ಸ್ ಆ್ಯಂಡ್ ಎಂಜಿನಿಯರಿಂಗ್ ಫೇರ್. ಎಲ್ಲರೂ ಕರೆಯುವುದು ಐಸೆಫ್ ಅಂತ. ವಾಷಿಂಗ್ಟನ್‌ನ ಸೊಸೈಟಿ ಫಾರ್ ಸೈನ್ಸ್ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. 1950ರಲ್ಲಿ ಫಿಲಡೆಲ್ಫಿಯಾದಲ್ಲಿ 30 ವಿದ್ಯಾರ್ಥಿಗಳೊಂದಿಗೆ ಶುರುವಾಗಿದ್ದು. 1958ರಲ್ಲಿ ಬೇರೆ ದೇಶದ ಮಕ್ಕಳೂ ಬಂದರು. ಈಗ 60ಕ್ಕೂ ಹೆಚ್ಚು ದೇಶ, ಪ್ರದೇಶಗಳಿಂದ 1,600ರ ಆಸುಪಾಸು ವಿದ್ಯಾರ್ಥಿಗಳು ಸೇರುತ್ತಾರೆ. 1997ರಿಂದ 2019ರವರೆಗೆ ಇಂಟೆಲ್ ಹೆಸರಿನಲ್ಲಿ ನಡೆಯಿತು. 2020ರಿಂದ ರೀಜೆನೆರಾನ್ ಎಂಬ ಔಷಧ ಕಂಪನಿಯ ಹೆಸರು ಅಂಟಿಕೊಂಡಿದೆ.

ಅಷ್ಟು ದೂರದ ಮಾತು ನಮಗೇಕೆ ಅನ್ನಬೇಡಿ. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಫಾರ್ಮಿಕ್ ಆ್ಯಸಿಡ್ ಬದಲು ಬಿಂಬುಳಿ ರಸ ಹಾಕಿದರೆ ಹೇಗೆ ಎಂದು ನೋಡಿದ ನಮ್ಮದೇ ದಕ್ಷಿಣ ಕನ್ನಡದ ವಿದ್ಯಾರ್ಥಿಗಳು ಆ ಮೇಳದವರೆಗೆ ಹೋಗಿ ಬಂದಿದ್ದಾರೆ. ತೋಟದ ಮೂಲೆಯಲ್ಲಿ ಬಿದ್ದು ಕೊಳೆಯುವ ಬಿಂಬುಳಿ!

ಮೇಳ ಕೆಳಗಿನಿಂದ ಮೇಲಕ್ಕೆ

ಐಸೆಫ್‌ಗೆ ಯಾರೂ ನೇರವಾಗಿ ಅರ್ಜಿ ಹಾಕುವಂತಿಲ್ಲ. ಇದು ಎಲ್ಲಕ್ಕಿಂತ ಮೊದಲು ಗೊತ್ತಿರಬೇಕಾದ ವಿಷಯ. ಜಗತ್ತಿನ ಬೇರೆ ಬೇರೆ ಕಡೆ ಐಸೆಫ್‌ನ ಮಾನ್ಯತೆ ಪಡೆದ ಮೇಳಗಳಿವೆ. ಅಲ್ಲಿ ಗೆದ್ದವರನ್ನು ಆ ಮೇಳವೇ ಹೆಸರು ಕೊಟ್ಟು ಕಳಿಸುತ್ತದೆ. ಎಷ್ಟು ಮಂದಿಯನ್ನು ಕಳಿಸಬಹುದು ಎಂಬುದಕ್ಕೂ ಮಿತಿ ಇದೆ. ಭಾರತದಲ್ಲಿ ಬಹುಕಾಲದಿಂದ ಈ ಕೆಲಸ ಮಾಡುತ್ತಿರುವುದು ಐರಿಸ್ ರಾಷ್ಟ್ರೀಯ ಮೇಳ. ಆನ್‌ಲೈನ್‌ನಲ್ಲಿ ಪ್ರಾಜೆಕ್ಟ್ ಸಲ್ಲಿಸಬೇಕು, ತೀರ್ಪುಗಾರರು ಸೋಸುತ್ತಾರೆ, ಉಳಿದವರು ರಾಷ್ಟ್ರೀಯ ಮೇಳಕ್ಕೆ ಹೋಗುತ್ತಾರೆ, ಅಲ್ಲಿಂದ ಭಾರತದ ತಂಡ ಆಯ್ಕೆಯಾಗುತ್ತದೆ.

ನಮ್ಮಲ್ಲಿ ಹೆಚ್ಚು ಪರಿಚಯ ಇರುವುದು ಇನ್ನೆರಡು ವೇದಿಕೆಗಳು. ಒಂದು, 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. ಕರ್ನಾಟಕದಲ್ಲಿ ಇದನ್ನು ಬೆಳೆಸಿದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಇನ್ನೊಂದು ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆ. ಇದರಲ್ಲಿ ಆಯ್ಕೆಯಾದ ಐಡಿಯಾಗೆ 10,000 ರೂಪಾಯಿ ಬರುತ್ತದೆ. ಇವು ಐಸೆಫ್‌ಗೆ ನೇರ ಟಿಕೆಟ್ ಅಲ್ಲ. ಆದರೆ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಊರಿನ ಸಮಸ್ಯೆ ಹಿಡಿದು ಅಂಕಿಅಂಶ ಕೂಡಿಸಿದ ಮಗುವಿಗೆ ಅರ್ಧ ಕೆಲಸ ಆಗಲೇ ಗೊತ್ತಿರುತ್ತದೆ.

ಯಾರು ಹೋಗಬಹುದು, ಯಾವ ವರ್ಷ ಒಳ್ಳೆಯದು

9ರಿಂದ 12ನೇ ತರಗತಿ, ಅಂದರೆ ನಮ್ಮ ಲೆಕ್ಕದಲ್ಲಿ ಒಂಬತ್ತನೇ ಕ್ಲಾಸಿನಿಂದ ದ್ವಿತೀಯ ಪಿಯುವರೆಗೆ. ಮೇ 1ಕ್ಕೆ 20 ವರ್ಷ ತುಂಬಿರಬಾರದು. ಒಬ್ಬರೇ ಮಾಡಬಹುದು, ತಂಡವಾದರೆ ಮೂವರಿಗಿಂತ ಜಾಸ್ತಿ ಬೇಡ.

ಐಸೆಫ್ ನಡೆಯುವುದು ಮೇ ತಿಂಗಳಲ್ಲಿ. ನಮ್ಮ ಜಿಲ್ಲೆಗಳಲ್ಲಿ ದ್ವಿತೀಯ ಪಿಯು ಅಂದರೆ ಬೋರ್ಡ್ ಪರೀಕ್ಷೆ, ಸಿಇಟಿ, ನೀಟ್, ಜೆಇಇ. ನೀಟ್ ಬರುವುದೂ ಸಾಮಾನ್ಯವಾಗಿ ಮೇ ಮೊದಲ ವಾರದಲ್ಲೇ. ಆ ಹೊತ್ತಿಗೆ ಪೋಸ್ಟರ್ ತಿದ್ದುತ್ತ ಕೂರಲು ಯಾವ ಮನೆಯಲ್ಲಿ ಬಿಡುತ್ತಾರೆ? ಎಸ್ಸೆಸ್ಸೆಲ್ಸಿಯಲ್ಲೂ ಇದೇ ಕತೆ. ಹಾಗಾಗಿ ನನ್ನ ಲೆಕ್ಕದಲ್ಲಿ ಎರಡೇ ಒಳ್ಳೆಯ ಕಿಟಕಿಗಳು: ಒಂಬತ್ತನೇ ತರಗತಿ ಮತ್ತು ಪ್ರಥಮ ಪಿಯು.

ಪ್ರಶ್ನೆ ಹುಡುಕುವುದು

ಪ್ರಶ್ನೆ ಅಳೆಯಲು ಬರುವಂಥದ್ದಾಗಿರಬೇಕು. ‘ನೀರಿನ ಮಾಲಿನ್ಯ’ ಅನ್ನುವುದು ಪ್ರಶ್ನೆಯಲ್ಲ, ಪ್ರಬಂಧದ ತಲೆಬರಹ.

ಒಂದು ಉದಾಹರಣೆ ನೋಡೋಣ. ಬೇಸಿಗೆ ಬಂತೆಂದರೆ ನದಿಯ ಅಳಿವೆ ಹತ್ತಿರದ ಬಾವಿಗಳಲ್ಲಿ ನೀರು ಉಪ್ಪಾಗುತ್ತದೆ. ಅದಕ್ಕೇ ಎರಡೂ ಜಿಲ್ಲೆಗಳಲ್ಲಿ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುತ್ತಾರೆ. ಹಲಗೆ ಹಾಕಿದ ಅಣೆಕಟ್ಟಿನ ಮೇಲ್ಭಾಗದ ಬಾವಿಗೂ ಕೆಳಭಾಗದ ಬಾವಿಗೂ ಉಪ್ಪಿನಂಶ ಏರುವ ವೇಗದಲ್ಲಿ ವ್ಯತ್ಯಾಸ ಇದೆಯೇ? ನದಿಯಿಂದ ಎಷ್ಟು ದೂರ ಹೋದರೆ ಆ ವ್ಯತ್ಯಾಸ ಮಾಯವಾಗುತ್ತದೆ? ಇದನ್ನು ಅಳೆಯಲು ಬೇಕಿರುವುದು ನೀರಿನ ವಿದ್ಯುತ್ ವಾಹಕತೆ (ಉಪ್ಪು ಹೆಚ್ಚಿದಂತೆ ಇದೂ ಏರುತ್ತದೆ) ತೋರಿಸುವ ಒಂದು ಸಣ್ಣ ಮೀಟರ್, ಒಂದು ಸೈಕಲ್, ವಾರವಾರ ತಪ್ಪದೆ ಹೋಗುವ ಹಠ. ಉತ್ತರ ‘ಏನೂ ವ್ಯತ್ಯಾಸ ಇಲ್ಲ’ ಎಂದು ಬಂದರೂ ಅದು ಉತ್ತರವೇ.

ಇಲ್ಲಿ ಕಾಲದ ನಿಯಮವೊಂದಿದೆ, ಸರಿಯಾಗಿ ಓದಿಕೊಳ್ಳಿ. ಒಂದು ಪ್ರಾಜೆಕ್ಟಿನಲ್ಲಿ ಸತತ 12 ತಿಂಗಳಿಗಿಂತ ಹೆಚ್ಚಿನ ಕೆಲಸ ಸೇರಿಸುವಂತಿಲ್ಲ. ಅದೂ ಮೇಳದ ಹಿಂದಿನ ವರ್ಷದ ಜನವರಿಯಿಂದ ಈಚೆಗೆ ಮಾಡಿದ್ದಾಗಿರಬೇಕು. ಅಂದರೆ ಮುಂದಿನ ವರ್ಷದ ಮೇ ತಿಂಗಳ ಮೇಳಕ್ಕೆ ಈ ವರ್ಷದ ಜನವರಿಯಿಂದ ಮಾಡಿದ ಅಳತೆ ಸಿಂಧು, ಕಳೆದ ಡಿಸೆಂಬರಿನದ್ದು ಅಲ್ಲ. ಬಾವಿಯ ಪ್ರಶ್ನೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಜನವರಿಯಿಂದ ಮಳೆ ಬೀಳುವವರೆಗೆ ಅಳೆದರೆ ಇಡೀ ಬೇಸಿಗೆ ಸಿಕ್ಕಿತು.

ಅಡಿಕೆಯ ಕೊಳೆರೋಗವನ್ನು ವಿಷಯವಾಗಿ ಆರಿಸಿಕೊಂಡವರಿಗೆ ಲೆಕ್ಕ ಬೇರೆ. ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಳೆ ಹಿಡಿಯುವ ಹೊತ್ತಿಗೆ ಆಗಬೇಕು. ಪ್ರಯೋಗವೂ ಆಗಲೇ ಶುರು. ಆದರೆ ಏಪ್ರಿಲ್, ಮೇ ಶಾಲೆಗೆ ರಜೆ. ಕಾಗದಪತ್ರಕ್ಕೆ ಸಹಿ ಹಾಕಲು ಮೇಷ್ಟ್ರು ಎಲ್ಲಿ ಸಿಗುತ್ತಾರೆ? ಮಾರ್ಚ್‌ನಲ್ಲೇ ಯೋಜನೆ ಬರೆದು ಒಪ್ಪಿಗೆ ಪಡೆದಿರಬೇಕು.

ಸಹಿಗಳ ಕಥೆ

ಈಗ ಬಂತು ಮೇಳದ ಬೆನ್ನೆಲುಬು. ಎಷ್ಟೋ ಒಳ್ಳೆಯ ಪ್ರಾಜೆಕ್ಟುಗಳು ಬೀಳುವುದು ವಿಜ್ಞಾನದಲ್ಲಲ್ಲ, ತಾರೀಖಿನಲ್ಲಿ. ಪ್ರಯೋಗ ಶುರುವಾದ ಮೇಲೆ ಹಾಕಿಸಿದ ಸಹಿಗೆ ಬೆಲೆ ಇಲ್ಲ.

ಪ್ರತಿ ಪ್ರಾಜೆಕ್ಟಿಗೂ ಮೂರು ಫಾರಂ ಕಡ್ಡಾಯ. ಫಾರಂ 1 ತುಂಬುವವರು ಅಡಲ್ಟ್ ಸ್ಪಾನ್ಸರ್, ಅಂದರೆ ಕೆಲಸದ ಹೊಣೆ ಹೊರುವ ಹಿರಿಯರು, ಹೆಚ್ಚಾಗಿ ವಿಜ್ಞಾನದ ಟೀಚರ್. ಫಾರಂ 1ಎ ವಿದ್ಯಾರ್ಥಿಯದ್ದು, ಅದರ ಜೊತೆ ಸಂಶೋಧನಾ ಯೋಜನೆ. ಫಾರಂ 1ಬಿ ಒಪ್ಪಿಗೆಯದ್ದು, ವಿದ್ಯಾರ್ಥಿ ಮತ್ತು ಹೆತ್ತವರ ಸಹಿ ಅದರಲ್ಲಿ. ಸುರತ್ಕಲ್ ಎನ್‌ಐಟಿಕೆ, ಕೊಣಾಜೆಯ ವಿಶ್ವವಿದ್ಯಾಲಯ, ಮಣಿಪಾಲ, ಮೀನುಗಾರಿಕಾ ಕಾಲೇಜು, ಹೀಗೆ ಯಾವುದಾದರೂ ಲ್ಯಾಬಿನಲ್ಲಿ ಕೆಲಸ ಮಾಡಿದರೆ ಫಾರಂ 1ಸಿ ಸೇರುತ್ತದೆ. ಅದರಲ್ಲಿ ವಿದ್ಯಾರ್ಥಿ ಸ್ವತಃ ಏನು ಮಾಡಿದ, ಲ್ಯಾಬಿನವರು ಏನು ಮಾಡಿಕೊಟ್ಟರು ಅಂತ ಅಲ್ಲಿನವರೇ ಬರೆದುಕೊಡಬೇಕು. ಈ ಒಂದು ಹಾಳೆ ನನಗೆ ಬಹಳ ಇಷ್ಟ. ಅಪ್ಪನ ಸ್ನೇಹಿತರ ಲ್ಯಾಬಿನಲ್ಲಿ ತಯಾರಾಗಿ ಬಂದ ಪ್ರಾಜೆಕ್ಟುಗಳು ಇಲ್ಲಿ ತಡವರಿಸುತ್ತವೆ.

ಉಳಿದ ಫಾರಂಗಳು ವಿಷಯ ನೋಡಿಕೊಂಡು. ಅಪಾಯದ ರಾಸಾಯನಿಕ, ಉಪಕರಣ ಇದ್ದರೆ ಒಂದು. ಜನರನ್ನು ಪ್ರಶ್ನಿಸಿದರೆ ಒಂದು. ಬೆನ್ನೆಲುಬಿರುವ ಜೀವಂತ ಪ್ರಾಣಿಗಳಿದ್ದರೆ ಇನ್ನೊಂದು. ಹೌದು, ಮೀನೂ ಅದರಲ್ಲಿ ಬಂತು! ಬಂಗುಡೆ ಮರಿಗಳನ್ನು ತೊಟ್ಟಿಯಲ್ಲಿಟ್ಟು ಪರೀಕ್ಷೆ ಮಾಡುತ್ತೇನೆ ಅಂತ ಹೊರಟರೆ ಮೊದಲೇ ಒಪ್ಪಿಗೆ ಬೇಕು. ಪ್ರಾಣಿಗಳು ಸಾಯುವ ಹಾಗೆ ಪ್ರಯೋಗವನ್ನು ರೂಪಿಸುವಂತೆಯೇ ಇಲ್ಲ.

ಬ್ಯಾಕ್ಟೀರಿಯಾ ವಿಷಯದಲ್ಲಿ ನಮ್ಮವರು ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತಾರೆ. ಬಾವಿ ನೀರನ್ನು ಪೆಟ್ರಿ ಡಿಶ್‌ಗೆ ಹಾಕಿ ಮನೆಯ ಅಡುಗೆ ಕೋಣೆಯ ಮೂಲೆಯಲ್ಲಿಟ್ಟು ಬೆಳೆಸುವುದು ಸಲೀಸು ಅನ್ನಿಸುತ್ತದೆ, ಅಲ್ವಾ? ಮನೆಯಲ್ಲಿ ಹೀಗೆ ಸೂಕ್ಷ್ಮಜೀವಿ ಬೆಳೆಸುವುದನ್ನು ನಿಯಮ ನಿಷೇಧಿಸಿದೆ. ಸರಿಯಾದ ಸುರಕ್ಷತೆ ಇರುವ ಲ್ಯಾಬಿನಲ್ಲೇ ಆಗಬೇಕು.

ಒಪ್ಪಿಗೆ ಕೊಡುವವರು ಯಾರು? ಎರಡು ಸಮಿತಿಗಳಿವೆ. ಪ್ರಾಣಿ, ಸೂಕ್ಷ್ಮಜೀವಿಗಳಂಥ ವಿಷಯಗಳನ್ನು ನೋಡುವುದು ವೈಜ್ಞಾನಿಕ ಪರಿಶೀಲನಾ ಸಮಿತಿ. ಜನರ ಮೇಲಿನ ಅಧ್ಯಯನ ನೋಡುವುದು ಇನ್ನೊಂದು, ಅದನ್ನು ಐಆರ್‌ಬಿ ಅನ್ನುತ್ತಾರೆ. ಇದನ್ನು ಶಾಲೆಯಲ್ಲೇ ಮಾಡಿಕೊಳ್ಳಬಹುದು. ಕನಿಷ್ಠ ಮೂವರು: ಒಬ್ಬ ಶಿಕ್ಷಕರು, ಶಾಲೆಯ ಆಡಳಿತದವರೊಬ್ಬರು, ವೈದ್ಯರು ಅಥವಾ ನರ್ಸ್ ಅಥವಾ ಮನಶ್ಶಾಸ್ತ್ರಜ್ಞರಂಥವರೊಬ್ಬರು. ಪ್ರಾಜೆಕ್ಟಿನ ಗೈಡ್, ವಿದ್ಯಾರ್ಥಿಯ ಮನೆಯವರು ಇದರಲ್ಲಿ ಕೂರುವಂತಿಲ್ಲ. ಆಸ್ಪತ್ರೆಗಳಿಗೆ ಕೊರತೆಯಿಲ್ಲದ ಊರುಗಳು ನಮ್ಮವು. ಡಾಕ್ಟರೊಬ್ಬರನ್ನು ಒಪ್ಪಿಸುವುದು ಕಷ್ಟದ ಕೆಲಸವೇನಲ್ಲ.

ನೆನಪಿಡಿ, ಮಲ್ಪೆ ಬಂದರಿನ ಮೀನುಗಾರರಿಗೆ ಹತ್ತು ಪ್ರಶ್ನೆ ಕೇಳುವ ಸರ್ವೆ ಕೂಡ ಜನರ ಮೇಲಿನ ಅಧ್ಯಯನವೇ. ಪ್ರಶ್ನಾವಳಿಯನ್ನು ಮೊದಲು ಸಮಿತಿಗೆ ತೋರಿಸಬೇಕು. ಉತ್ತರ ಕೊಡುವವರ ಒಪ್ಪಿಗೆ ಹೇಗೆ ಪಡೆಯಬೇಕು ಎಂದು ಸಮಿತಿ ಹೇಳುತ್ತದೆ.

ನೋಟ್‌ಬುಕ್ಕು, ಸಾರಾಂಶ, ಪೋಸ್ಟರು

ನೋಟ್‌ಬುಕ್ಕಿನಲ್ಲಿ ಪ್ರತಿದಿನದ ದಾಖಲೆ ತಾರೀಖು ಸಮೇತ ಇರಲಿ. ತಪ್ಪಿದ ಅಳತೆಯನ್ನು ಅಳಿಸದೆ ಗೆರೆ ಎಳೆದು ಬಿಡಿ. ಚಂದದ ಅಕ್ಷರಕ್ಕೆ ಅಂಕವಿಲ್ಲ. ಸಾರಾಂಶ 250 ಪದ ಮೀರಬಾರದು.

ಪೋಸ್ಟರ್ ನಿಲ್ಲುವ ಜಾಗಕ್ಕೂ ಅಳತೆ ಇದೆ: ಅಗಲ 122 ಸೆಂಟಿಮೀಟರ್, ಆಳ 76, ನೆಲದಿಂದ ಎತ್ತರ 274. ಮೇಳ ತೆರೆಯುವ ಮುನ್ನ ಸುರಕ್ಷತಾ ತಪಾಸಣೆಯವರು ಪ್ರತಿ ಮಳಿಗೆಗೂ ಬರುತ್ತಾರೆ. ಅವರು ಒಪ್ಪದಿದ್ದರೆ ತೀರ್ಪುಗಾರರ ಮುಂದೆ ನಿಲ್ಲುವಂತಿಲ್ಲ. ಗಿಡ, ಮಣ್ಣು, ಮರಳು, ಕಲ್ಲು, ನೀರು, ತಿಂಡಿ, ರಾಸಾಯನಿಕ, ಗಾಜು, ಯಾವುದನ್ನೂ ಇಡುವ ಹಾಗಿಲ್ಲ. ಕೊಳೆ ಬಂದ ಒಂದು ಅಡಿಕೆಯನ್ನೂ ಮೇಜಿನ ಮೇಲೆ ತೋರಿಸುವಂತಿಲ್ಲ, ಫೋಟೊ ಮಾತ್ರ. ಹಿಂದೆ ಗೆದ್ದ ಪದಕ ನೇತುಹಾಕುವುದು, ಗೈಡ್‌ಗೆ ಕೃತಜ್ಞತೆ ಬರೆಯುವುದು ಎರಡೂ ನಿಷಿದ್ಧ. ತಮ್ಮ ಶಾಲೆಯ ಹೆಸರು ದೊಡ್ಡದಾಗಿ ಕಾಣಬೇಕು ಅನ್ನುವ ಆಡಳಿತ ಮಂಡಳಿಗಳಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ತೀರ್ಪಿನ ದಿನ

ಮೇಳ ಸುಮಾರು ಒಂದು ವಾರ. ಪ್ರತಿ ವರ್ಷ ಊರು ಬದಲಾಗುತ್ತದೆ. 2023ರಲ್ಲಿ ಡಲ್ಲಾಸ್, 2024ರಲ್ಲಿ ಲಾಸ್ ಏಂಜಲೀಸ್, 2025ರಲ್ಲಿ ಕೊಲಂಬಸ್. ಮೊದಲ ದಿನಗಳಲ್ಲಿ ಮಳಿಗೆ ಕಟ್ಟುವುದು, ತಪಾಸಣೆ, ಉದ್ಘಾಟನೆ. ಮಕ್ಕಳು ತಮ್ಮ ದೇಶದ ಪಿನ್‌ಗಳನ್ನು ಪರಸ್ಪರ ಬದಲಾಯಿಸಿಕೊಳ್ಳುವ ಸಂಜೆಯೂ ಇರುತ್ತದೆ. ವಾರದ ನಡುವೆ ತೀರ್ಪು. ಆಮೇಲೆ ಸಾರ್ವಜನಿಕರಿಗೆ ಒಂದು ದಿನ, ಕೊನೆಗೆ ಬಹುಮಾನ.

ತೀರ್ಪಿನ ದಿನ ಹೆತ್ತವರು, ಶಿಕ್ಷಕರು ಸಭಾಂಗಣದೊಳಗೆ ಕಾಲಿಡುವಂತಿಲ್ಲ. ವಿದ್ಯಾರ್ಥಿ, ಪೋಸ್ಟರ್, ಎದುರಿಗೆ ತೀರ್ಪುಗಾರರು, ಅಷ್ಟೇ. ತೀರ್ಪುಗಾರರಾಗಲು ಪಿಎಚ್‌ಡಿ ಅಥವಾ ಎಂಡಿಯಂಥ ಪದವಿ ಬೇಕು, ಇಲ್ಲವೇ ಆ ಕ್ಷೇತ್ರದಲ್ಲಿ ಆರು ವರ್ಷದ ಕೆಲಸದ ಅನುಭವ. ಒಂದು ಪ್ರಾಜೆಕ್ಟಿಗೆ ಒಬ್ಬರಲ್ಲ, ಹಲವರು ಬೇರೆ ಬೇರೆಯಾಗಿ ಬಂದು ಮಾತಾಡಿಸುತ್ತಾರೆ. ಇಂಗ್ಲಿಷ್ ಸರಾಗ ಬಾರದವರಿಗೆ ದುಭಾಷಿಗಳ ವ್ಯವಸ್ಥೆ ಇದೆ.

ಅಂಕ ಹಂಚಿಕೆ ನೋಡಿದರೆ ಮೇಳದ ಮನಸ್ಸು ಗೊತ್ತಾಗುತ್ತದೆ. 100ರಲ್ಲಿ ಪ್ರಶ್ನೆಗೆ 10, ವಿಧಾನಕ್ಕೆ 15, ಮಾಡಿದ ಕೆಲಸ ಮತ್ತು ವಿಶ್ಲೇಷಣೆಗೆ 20, ಸೃಜನಶೀಲತೆಗೆ 20. ಉಳಿದ 35ರಲ್ಲಿ ಪೋಸ್ಟರ್‌ಗೆ ಬರೀ 10, ಮಾತುಕತೆಗೆ 25. ಸಾವಿರಾರು ರೂಪಾಯಿ ಕೊಟ್ಟು ಡಿಸೈನರ್ ಹತ್ತಿರ ಪೋಸ್ಟರ್ ಮಾಡಿಸುವವರು ಈ ಲೆಕ್ಕವನ್ನು ಎರಡು ಸಲ ಓದಬೇಕು. ‘ಈ ಬಾವಿಯನ್ನೇ ಯಾಕೆ ಆರಿಸಿದೆ?’, ‘ಈ ವಾರದ ಅಳತೆ ಯಾಕೆ ಹೆಚ್ಚುಕಮ್ಮಿ ಬಂದಿದೆ?’ ಅಂತ ಕೇಳಿದಾಗ ಬಾಯಿಪಾಠ ಕೈಕೊಡುತ್ತದೆ. ‘ಅದು ನಾನು ಪರೀಕ್ಷಿಸಿಲ್ಲ, ಮುಂದೆ ಮಾಡಬೇಕು’ ಎನ್ನುವ ಉತ್ತರಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ.

20ಕ್ಕೂ ಹೆಚ್ಚು ವಿಭಾಗಗಳಿವೆ. ಪ್ರತಿ ವಿಭಾಗದಲ್ಲಿ ಮೊದಲನೆಯದರಿಂದ ನಾಲ್ಕನೆಯವರೆಗೆ ಬಹುಮಾನ, ಒಂದೊಂದು ಸ್ಥಾನಕ್ಕೆ ಹಲವರು ಬರಬಹುದು. ಬೇರೆ ಸಂಸ್ಥೆಗಳು ಕೊಡುವ ವಿಶೇಷ ಬಹುಮಾನಗಳು ಪ್ರತ್ಯೇಕ. ಇಲ್ಲಿ ಗೆದ್ದ ಹಲವು ಭಾರತೀಯ ವಿದ್ಯಾರ್ಥಿಗಳ ಹೆಸರಿನ ಕ್ಷುದ್ರಗ್ರಹಗಳು ಆಕಾಶದಲ್ಲಿ ಸುತ್ತುತ್ತಿವೆ. ಎಂಐಟಿಯ ಲಿಂಕನ್ ಪ್ರಯೋಗಾಲಯ ತಾನು ಪತ್ತೆ ಮಾಡಿದ ಕ್ಷುದ್ರಗ್ರಹಗಳಿಗೆ ಹೀಗೆ ವಿದ್ಯಾರ್ಥಿಗಳ ಹೆಸರು ಇಡಿಸಿತ್ತು.

ಪಾಸ್‌ಪೋರ್ಟ್ ಮಾತ್ರ ಮೊದಲೇ ಮಾಡಿಸಿಡಿ. ಆಯ್ಕೆಯಾದ ಮೇಲೆ ವೀಸಾಗೆ ಸಿಗುವ ಸಮಯ ಕಡಿಮೆ.

ನಿಮ್ಮ ಶಾಲೆಯಲ್ಲೇ ಒಂದು

ಇಷ್ಟೆಲ್ಲ ನಿಯಮವನ್ನು ಶಾಲೆಯ ಮಟ್ಟಕ್ಕೆ ಇಳಿಸಬಹುದು, ಖರ್ಚೂ ದೊಡ್ಡದಲ್ಲ. ಜೂನ್‌ನಲ್ಲಿ ಮೂವರ ಸಮಿತಿ ಮಾಡಿ. ಮಕ್ಕಳಿಂದ ಒಂದು ಪುಟದ ಯೋಜನೆ ಬರೆಸಿ, ಸಹಿ ಹಾಕಿ, ತಾರೀಖು ನಮೂದಿಸಿ. ಆಮೇಲಷ್ಟೇ ಪ್ರಯೋಗ. ಪಿಲಿಕುಳದ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೆ ಒಮ್ಮೆ ಕರೆದುಕೊಂಡು ಹೋಗಿ, ಅಲ್ಲಿನವರ ಸಲಹೆ ಕೇಳಿ. ದಸರಾ ರಜೆ ಮುಗಿದ ಮೇಲೆ ಪೋಸ್ಟರ್. ತೀರ್ಪುಗಾರರಾಗಿ ಪಕ್ಕದ ಕಾಲೇಜಿನ ಉಪನ್ಯಾಸಕರು, ಕೃಷಿ ವಿಜ್ಞಾನಿಗಳು, ಎಂಜಿನಿಯರುಗಳು ಬರಲಿ. ಒಂದು ಪ್ರಾಜೆಕ್ಟಿಗೆ ಕನಿಷ್ಠ ಮೂವರು, ಒಬ್ಬೊಬ್ಬರಿಗೂ ಹತ್ತು ಹದಿನೈದು ನಿಮಿಷ. ಹೆತ್ತವರಿಗೆ ಮಧ್ಯಾಹ್ನದ ನಂತರ ಪ್ರವೇಶ ಅಂತ ಆಮಂತ್ರಣದಲ್ಲೇ ಅಚ್ಚು ಹಾಕಿಸಿ. ಅತಿಥಿಗಳ ಭಾಷಣವನ್ನೂ ಆಗಲೇ ಇಟ್ಟುಕೊಳ್ಳಿ, ಬೆಳಗಿನ ಹೊತ್ತು ಪೂರ್ತಿ ಮಕ್ಕಳಿಗೆ ಬಿಡಿ.